ಕಡಲ ತೀರದಲ್ಲಿ ಕಡಕ್ ರೊಟ್ಟಿ

ಸಮುದ್ರದ ಎದುರು ನಿಂತಾಗ ಮನುಷ್ಯನಿಗೆ ತನ್ನ ಅಲ್ಪತ್ವದ ಅರಿವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ನಾನು ನಿಂತಾಗ ಅರಿವಾದದ್ದು ರೊಟ್ಟಿ ಮೆತ್ತಗಾಗಿದೆ ಎಂಬುದೊಂದೇ. ಅಲ್ಪತ್ವದ ವಿಷಯವನ್ನು ನನ್ನ ಹೆಂಡತಿ ನೀಲಮ್ಮ ಆಮೇಲೆ ಬಿಡಿಸಿ ಹೇಳಿದಳು.

ನಾನು ಆಳಂದ ತಾಲೂಕಿನ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವನು. ನಮ್ಮ ಕಡೆ ದೊಡ್ಡ ನೀರೆಂದರೆ ಭೀಮಾ ನದಿ. ಅದಕ್ಕೂ ಅಫಜಲಪುರದ ಕಡೆಗೆ ಹೋಗಬೇಕು, ಬೇಸಿಗೆಯಲ್ಲಾದರೆ ಅದನ್ನು ನಕಾಶೆಯಲ್ಲಿ ನೋಡುವುದೇ ಮೇಲು. ಆದರೂ ಬಂದರು, ಅಳಿವೆ, ದೀಪಸ್ತಂಭ ಎಂದು ನಾನು ಪಾಠ ಮಾಡುತ್ತಿದ್ದರೆ ಮಕ್ಕಳು ನನ್ನನ್ನು ಕಡಲ ದಂಡೆಯಲ್ಲೇ ಹುಟ್ಟಿದವನೆಂದು ತಿಳಿಯುತ್ತಿದ್ದರು. ನಾನೂ ತಿದ್ದಲಿಲ್ಲ. ಅದರಲ್ಲೂ ಮಲ್ಪೆಯ ಎದುರಿನ ದ್ವೀಪದಲ್ಲಿ ಲಾವಾರಸ ಆರಿ ಕಲ್ಲಿನ ಕಂಬಗಳಾಗಿ ನಿಂತಿದೆ ಎಂಬ ಭಾಗ ಬಂದಾಗ ಗಂಟೆ ಬಾರಿಸಿದರೂ ನಾನು ಪಾಠ ನಿಲ್ಲಿಸುತ್ತಿರಲಿಲ್ಲ. ನಿವೃತ್ತನಾದ ಮೇಲೆ ಉಳಿದದ್ದು ಒಂದೇ ಆಸೆ: ಆ ಕಂಬಗಳನ್ನು ಒಮ್ಮೆ ಕೈಯಿಂದ ಮುಟ್ಟಬೇಕು.

ಅಡ್ಡ ಬಂದದ್ದು ಊಟ. ಜೋಳವಿಲ್ಲದ್ದನ್ನು ನೀಲಮ್ಮ ಊಟವೆಂದು ಒಪ್ಪುವುದಿಲ್ಲ. ಅನ್ನ ಜ್ವರ ಬಂದವರಿಗೆ, ಕೊಬ್ಬರಿ ಎಣ್ಣೆ ತಲೆಗೆ, ಮೀನು ಬೇಯಿಸಿದ ಊರಿನ ಹೋಟೆಲು ಯಾರಿಗೂ ಅಲ್ಲ ಎಂಬುದು ಅವಳ ಸಿದ್ಧಾಂತ. "ಡಬ್ಬ್ಯಾಗ ರೊಟ್ಟಿ ಇರೂತನ ತಿರಗೂಣು. ರೊಟ್ಟಿ ಮುಗದ ದಿನ ಜೀಪ್ ಊರ ಕಡೆ ತಿರಗಬೇಕು ನೋಡ್ರಿ," ಎಂದಳು. ನಾನು ಒಪ್ಪಿದೆ. ಹೀಗೆ ನಮ್ಮ ಪ್ರವಾಸದ ಉದ್ದ ಕಿಲೋಮೀಟರಿನಲ್ಲಲ್ಲ, ರೊಟ್ಟಿಯಲ್ಲಿ ನಿರ್ಧಾರವಾಯಿತು. ನಾವಿಬ್ಬರು, ಅವಳ ತಮ್ಮ ಗುರುಲಿಂಗಪ್ಪ, ಅವನ ಹೆಂಡತಿ ಕಾಶಿಬಾಯಿ, ಒಟ್ಟು ನಾಲ್ಕು ಜನ, ಏಳು ದಿನ. ಗುರುಲಿಂಗಪ್ಪ ಹವಳಗಾದ ಕಡೆ ಕಬ್ಬು ಬೆಳೆಯುವವನು. ಜೀಪು ಅವನದು, ಓಡಿಸುವವನೂ ಅವನೇ. ಒಂದು ಕಾಲಕ್ಕೆ ನನ್ನ ತರಗತಿಯ ಕೊನೆಯ ಬೆಂಚೂ ಅವನದೇ ಆಗಿತ್ತು.

ನೀಲಮ್ಮನ ಕಡಕ್ ರೊಟ್ಟಿಯ ಬಗ್ಗೆ ಒಂದು ಮಾತು. ನಮ್ಮ ಕಡೆ ರೊಟ್ಟಿಯನ್ನು ಮೊದಲು ಕಿವಿಯಿಂದ ಪರೀಕ್ಷಿಸುತ್ತಾರೆ. ಮುರಿದಾಗ ಪಕ್ಕದ ಮನೆಗೆ ಕೇಳಿಸಿದರೆ ಪಾಸು. ಅವಳದು ಮೂರನೇ ಮನೆಗೆ ಕೇಳಿಸುತ್ತದೆ, ಎರಡು ತಿಂಗಳಿಟ್ಟರೂ ಕೇಳಿಸುತ್ತದೆ. ಅವಳು ಅವನ್ನು ಮುಚ್ಚಳ ಬಿಗಿಯಾದ ಸ್ಟೀಲಿನ ಡಬ್ಬಿಯಲ್ಲಿ ತುಂಬುತ್ತಿದ್ದಾಗ ನನ್ನೊಳಗಿನ ವಿಜ್ಞಾನಿ ಎಚ್ಚರಗೊಂಡ. "ಗಾಳಿ ಆಡಬೇಕು, ಇಲ್ಲಾಂದ್ರ ಮುಗ್ಗತಾವ," ಎಂದು ಹೇಳಿ ಬಿದಿರಿನ ಬುಟ್ಟಿಗೆ ಹಾಕಿಸಿ, ತೆಳ್ಳಗಿನ ಬಟ್ಟೆ ಕಟ್ಟಿಸಿದೆ. ಮೂವತ್ತು ವರ್ಷ ಪಾಠ ಹೇಳಿದವನ ಮಾತು. ಯಾರೂ ಎದುರಾಡಲಿಲ್ಲ.

ದಸರಾ ಸೂಟಿಯಲ್ಲಿ ಹೊರಟೆವು. ಗೋಕರ್ಣದಲ್ಲಿ ದರ್ಶನಕ್ಕೆ ಉದ್ದ ಸಾಲು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನೀಲಮ್ಮ ಸಾಲಿನ ನಡುವೆಯೇ ಕೇಳಿದಳು: "ಎದಿಮ್ಯಾಲ ಇರೂದನ್ನ ಬಿಟ್ಟು ಇಲ್ಲಿ ಬಂದು ನಿಂತೇವಲ್ರಿ, ಇದಕ್ಕೇನಂತೀರಿ?" ಇದಕ್ಕೆ ಪ್ರವಾಸೋದ್ಯಮ ಅನ್ನುತ್ತಾರೆ ಎಂದೆ. ಹೊರಗೆ ಬಂದು ತೆಂಗಿನ ಮರದ ಕೆಳಗೆ ಬುಟ್ಟಿ ಬಿಚ್ಚಿದೆವು. ಅವಳು ಒಂದು ರೊಟ್ಟಿ ತೆಗೆದು ಮುರಿದಳು. ಸದ್ದಿಲ್ಲ. ಮತ್ತೊಮ್ಮೆ ಮುರಿದಳು. ಅದು ಮಡಚಿಕೊಂಡಿತು. ತುದಿ ಹಿಡಿದು ಎತ್ತಿದಳು, ಇಳಿಬಿದ್ದಿತು.

"ಮಾಸ್ತರ್, ಇದು ರೊಟ್ಟಿನೋ ಟಾವೆಲ್ಲೋ?" ಎಂದ ಗುರುಲಿಂಗಪ್ಪ.

"ಇಲ್ಲಿ ಹವಾ ಸ್ವಲ್ಪ..." ಎಂದು ನಾನು ಶುರುಮಾಡಿದೆ.

ಅವನು ಎದ್ದು ನಿಂತು, ಕೈ ಕಟ್ಟಿ, ತರಗತಿಯ ದನಿಯಲ್ಲಿ ಒಪ್ಪಿಸಿದ: "'ಕರಾವಳಿಯ ವಾಯುಗುಣವು ಬಿಸಿ ಹಾಗೂ ತೇವದಿಂದ ಕೂಡಿದೆ.' ಎರಡು ಮಾರ್ಕಿನ ಪ್ರಶ್ನೆ. ಇದು ಬರಲಿಲ್ಲಂತ ಕೈಮ್ಯಾಲ ನಾಕು ಛಡಿ ಕೊಟ್ಟಿದ್ರಿ, ನೆನಪದ ಏನ್ರಿ?"

ನೆನಪಿತ್ತು. ಆದರೆ ಆ ವಾಕ್ಯಕ್ಕೂ ರೊಟ್ಟಿಗೂ ಸಂಬಂಧವಿದೆ ಎಂದು ಯಾವ ಪಠ್ಯಪುಸ್ತಕವೂ ನನಗೆ ಸೂಚಿಸಿರಲಿಲ್ಲ. ನೀಲಮ್ಮ ಆ ಟಾವೆಲ್ಲನ್ನು ಮಡಚಿ ಬುಟ್ಟಿಯಲ್ಲಿಟ್ಟು, "ಗಾಳಿ ಆಡಬೇಕಂತ," ಎಂದು ಬುಟ್ಟಿಗೆ ಹೇಳಿದಳು.

ಅಲ್ಲಿಂದ ಮುಂದೆ ನಾವು ಕರಾವಳಿಯ ಸೌಂದರ್ಯವನ್ನು ಬಿಸಿಲಿನ ದೃಷ್ಟಿಯಿಂದಲೇ ನೋಡಿದೆವು. ಜನ ನೆರಳು ಹುಡುಕಿಕೊಂಡು ಓಡುವಲ್ಲಿ ನಾವು ಬಿಸಿಲು ಹುಡುಕಿಕೊಂಡು ಓಡಿದೆವು. ತೆಂಗಿನ ತೋಪು ಪ್ರಯೋಜನವಿಲ್ಲ, ನೆರಳು. ಅಳಿವೆ ಪ್ರಯೋಜನವಿಲ್ಲ, ತೇವ. ಮೂರನೆಯ ದಿನ ಬೆಳಿಗ್ಗೆ ಮುರುಡೇಶ್ವರ ತಲುಪಿ, ಆಕಾಶದೆತ್ತರ ಕುಳಿತ ಶಿವನ ಮೂರ್ತಿಗೆ ಎಲ್ಲರೂ ಕೈ ಮುಗಿಯುತ್ತಿದ್ದಾಗ ನೀಲಮ್ಮ ಅದರ ನೆರಳು ಎತ್ತ ಬೀಳುತ್ತದೆಂದು ಅಳೆಯುತ್ತಿದ್ದಳು. "ಬರೋಬ್ಬರಿ ಬಿಸಲಿಗೇ ಅಡ್ಡ ಕುಂತಾನ ನೋಡ್ರಿ!"

ಆಗ ನನಗೆ ಮತ್ತೊಂದು ವಿಚಾರ ಹೊಳೆಯಿತು. ಆ ಭಾಗದ ಜನರೂ ಏನನ್ನಾದರೂ ಒಣಗಿಸಲೇಬೇಕಲ್ಲ? ಅವರು ಒಣಗಿಸುವ ಜಾಗವೇ ಶ್ರೇಷ್ಠ. ಊರ ಆಚೆ, ದಂಡೆಯ ಮೇಲೆ, ಗಾಳಿಗೂ ಬಿಸಿಲಿಗೂ ಮೈಯೊಡ್ಡಿ ಸಾಲಾಗಿ ಹಾಸಿದ ಚಾಪೆಗಳು ಕಂಡವು. ಖಾಲಿ ಇದ್ದವು. ಹತ್ತಿರ ಯಾರೂ ಇರಲಿಲ್ಲ. "ಸ್ಥಳೀಯ ಜ್ಞಾನ ಅಂದ್ರ ಇದು," ಎಂದೆ. ಬುಟ್ಟಿ ಇಳಿಸಿ ನೂರಾ ಮೂವತ್ತು ರೊಟ್ಟಿಯನ್ನು ಇಸ್ಪೀಟಿನ ಎಲೆ ಹರವಿದಂತೆ ಹರವಿದೆವು. ಎರಡು ತಾಸು ನಾನು ಟಾವೆಲ್ಲು (ನಿಜವಾದದ್ದು) ಬೀಸುತ್ತ ಕಾಗೆ ಓಡಿಸಿದೆ. ಗುರುಲಿಂಗಪ್ಪ ದಂಪತಿ ಚಹಾಕ್ಕೆಂದು ಹೋದರು. ಅವರು ಚಹಾಕ್ಕೆ ಬಹಳ ಹೋಗುತ್ತಿದ್ದರು.

ಹನ್ನೊಂದರ ಹೊತ್ತಿಗೆ ನೀಲಮ್ಮ ಒಂದನ್ನೆತ್ತಿ ಮುರಿದಳು. ಕಟಕ್! ಅಲೆಯ ಸದ್ದಿನಲ್ಲೂ ಕೇಳಿಸಿತು. ಅವಳು ನಕ್ಕಳು, ನನ್ನ ಕಡೆ ನೋಡಿಯೇ ನಕ್ಕಳು. ಮಲ್ಪೆಯ ಕಂಬಗಳು ನನಗೆ ಅಲ್ಲಿಂದಲೇ ಕಂಡವು. ಅವಳು ತುಣುಕನ್ನು ಬಾಯಿಯ ಹತ್ತಿರ ಒಯ್ದಳು. ಮೂಗು ತಡೆಯಿತು.

ಅಷ್ಟರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ನಿಂತಳು. "ಎಂತ ಇದು ಮಾರಾಯ್ರೆ? ನಮ್ಮ ಮೀನಿನ ಚಾಪೆ ಮೇಲೆ ಹಪ್ಪಳ ಹಾಕಿದ್ದು ಯಾರು?"

ಬುಟ್ಟಿಯಲ್ಲಿ ಮೀನಿತ್ತು. ಚಾಪೆಗೆ ವರ್ಷಗಟ್ಟಲೆಯ ಮೀನಿನ ನೆನಪಿತ್ತು. ಈಗ ನಮ್ಮ ರೊಟ್ಟಿಗೂ ಇತ್ತು.

ನಾನು ಹಪ್ಪಳವಲ್ಲ, ರೊಟ್ಟಿ ಎಂದು ವಿವರಿಸಿದೆ. ಆಕೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಲಾಯ್ಕುಂಟು. ಸಾರಿಗೆ ಅದ್ದಿದ್ರೆ ಇನ್ನೂ ಲಾಯ್ಕ್," ಎಂದಳು. ಯಾವ ಸಾರೆಂದು ನಾವು ಕೇಳಲಿಲ್ಲ. ನೀಲಮ್ಮ ರೊಟ್ಟಿಯನ್ನೆಲ್ಲ ನಮ್ಮ ಬುಟ್ಟಿಗೆ ತುಂಬಿ ಆಕೆಯ ಮುಂದೆ ದೂಡಿ, "ಎಲ್ಲಾ ತಗೋರಿ ಯಕ್ಕಾ. ಡಬ್ಬ್ಯಾಗ ಇಡ್ರಿ, ಮುಚ್ಚಳ ಹಾಕಿ," ಎಂದಳು. 'ಮುಚ್ಚಳ' ಎನ್ನುವಾಗ ನನ್ನನ್ನು ನೋಡಿದಳು.

ಚಹಾ ಮುಗಿಸಿ ಬಂದ ಗುರುಲಿಂಗಪ್ಪನ ಮೀಸೆಯಲ್ಲಿ ತೆಂಗಿನ ಚಟ್ನಿ ಇತ್ತು. ಕಾಶಿಬಾಯಿ ತಲೆ ತಗ್ಗಿಸಿ, "ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ಮೊನ್ನಿಂದ ನಾವು ಗೋಳಿಬಜೆ, ನೀರುದೋಸಿ ತಿನ್ನಾಕತ್ತೇವಿ. ಛಲೋ ಇರ್ತಾವ," ಎಂದಳು.

ನೀಲಮ್ಮ ಸಿಟ್ಟಾಗಲಿಲ್ಲ. "ನೀವು ಮೂರೂ ಮಂದಿ ದ್ವೀಪಕ್ಕ ಹೋಗಿ ಬರ್ರಿ. ನಾ ಒಬ್ಬಾಕಿ ಬಸ್ಸಿಗೆ ಊರಿಗೆ ಹೋಗ್ತೇನಿ. ನನಗೇನು ಹಾದಿ ಗೊತ್ತಿಲ್ಲೇನು?" ಎಂದಳು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಯಾವ ಗಂಡಸೂ ಈ ವಾಕ್ಯವನ್ನು ಅನುಮತಿಯೆಂದು ತಿಳಿಯುವುದಿಲ್ಲ. ದ್ವೀಪಕ್ಕೆ ಜೀಪಿನಲ್ಲಿ ಎರಡು ಎರಡೂವರೆ ತಾಸು, ಆಮೇಲೆ ದೋಣಿ. ನಾನು ದಕ್ಷಿಣದ ಕಡೆಗೊಮ್ಮೆ ನೋಡಿ, ಜೀಪಿನಿಂದ ನಮ್ಮಿಬ್ಬರ ಚೀಲ ಇಳಿಸಿಕೊಂಡೆ.

ಸಂಜೆ ನಾಲ್ಕಕ್ಕೆ, ನಮ್ಮ ಬಸ್ಸು ಯಲ್ಲಾಪುರ ದಾಟುತ್ತಿದ್ದಾಗ, ಗುರುಲಿಂಗಪ್ಪನ ಫೋನು ಬಂತು. ಹಿಂದೆ ಅಲೆಗಳ ಸದ್ದು.

"ಮಾಸ್ತರ್, ದ್ವೀಪದಾಗ ನಿಂತೇನ್ರಿ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. "ಹೆಂಗದಪಾ? ಸಾವಕಾಶ, ಪೂರಾ ವರ್ಣನಾ ಮಾಡು."

ಅವನು ಸುತ್ತ ತಿರುಗಿ ನೋಡುತ್ತಿದ್ದನೆಂದು ತೋರುತ್ತದೆ. ಆಮೇಲೆ ಹೇಳಿದ: "ಕಲ್ಲದಾವ್ರಿ. ಸುತ್ತ ನೀರದ."

ನಾವು ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಆಳಂದದಲ್ಲಿ ಇಳಿದೆವು.