ಬೆಲ್‌ವ್ಯೂನಲ್ಲೊಂದು ಸೋರುವ ಸೂರು

ಬಾಡಿಗೆ ಮನೆಯಲ್ಲಿದ್ದಷ್ಟು ದಿನ ನಮ್ಮ ತಲೆಯ ಮೇಲೊಂದು ಸೂರಿದೆ ಅನ್ನೋದೇ ಗೊತ್ತಿರಲಿಲ್ಲ. ಸ್ವಂತ ಮನೆ ಮಾಡಿದ ಮೇಲೆ ವಾರಕ್ಕೊಂದು ಸಲವಾದರೂ ಆ ಸೂರು ನಮ್ಮನ್ನು ನಗಿಸುತ್ತೆ ಇಲ್ಲವೇ ಅಳಿಸುತ್ತೆ. ಅತ್ತ ಗಳಿಗೆಗಳನ್ನು ನೆನೆದರೂ ಈಗ ನಗುವೇ ಬರುತ್ತೆ, ಯಾಕಂದರೆ ಸೂರು ಇನ್ನೂ ಮೇಲೇ ಇದೆ, ನಾವಿನ್ನೂ ಕೆಳಗೇ ಇದ್ದೀವಿ.

ಪರದೇಶದ ಈ ಬೆಲ್‌ವ್ಯೂ ಊರಿನಲ್ಲಿ ಕ್ರಾಸ್‌ರೋಡ್ಸ್ ಶಾಪಿಂಗ್ ಸೆಂಟರಿನ ಹಿಂದೆ ಅಪಾರ್ಟ್‌ಮೆಂಟಿನಲ್ಲಿದ್ದವರು ನಾವು. ಅಲ್ಲಿಂದ ನಾಲ್ಕು ಬೀದಿ ಆಚೆಗೆ ಒಂದು ಹಳೇ ಮನೆ ತಗೊಂಡು ಬಂದೆವು. ನಾನು, ನನ್ನ ಗಂಡ, ಹೈಸ್ಕೂಲಿಗೆ ಹೋಗುವ ಮಗಳು. ಜೊತೆಗೆ ಮದ್ದೂರಿನಿಂದ ಆರು ತಿಂಗಳಿಗೆ ಅಂತ ಬಂದಿದ್ದ ನಮ್ಮ ಅತ್ತೆ. ಮನೆಯ ಸುತ್ತ ಆಕಾಶ ಮುಟ್ಟುವ ದೇವದಾರು ಮರಗಳು. ಎದುರು ಮನೆಯಲ್ಲಿ ಮೈಸೂರಿನ ಗೆಳತಿ. ಅವಳು ಇಲ್ಲಿಗೆ ಬಂದು ಬಹಳ ವರ್ಷವಾಗಿದೆ. ಮೊದಲ ದಿನವೇ ಡಬ್ಬಿ ತುಂಬ ಬಿರಿಯಾನಿ ತಂದುಕೊಟ್ಟು ಹೇಳಿದಳು: "ನಮ್ಮೂರಲ್ಲಿ ಮಳೆ ಬರತ್ತೆ, ಹೋಗತ್ತೆ. ಇಲ್ಲಿ ಹಾಗಲ್ಲ. ಇಲ್ಲಿ ಮಳೆ ಬಂದು ಉಳ್ಕೊಳ್ಳತ್ತೆ. ಅದಕ್ಕೆ ಮೊದಲು ಸೂರು ನೋಡ್ಕೊಳ್ಳಿ."

ಹಸಿರು ಸೂರು

ನಮ್ಮ ಸೂರಿನ ಉತ್ತರದ ಕಡೆ ಪೂರ್ತಿ ಪಾಚಿ. ಪಾಚಿ ಅಂದರೆ ಬಾವಿಕಟ್ಟೆಯ ಮೇಲಿನ ತೆಳು ಪದರ ಅಂದುಕೊಳ್ಳಬೇಡಿ, ಒಳ್ಳೇ ಹಾಸಿಗೆಯ ಹಾಗೆ ದಪ್ಪ. ಅತ್ತೆಗೆ ಅದು ಬಹಳ ಇಷ್ಟವಾಯಿತು. "ಸೂರ್ ಮ್ಯಾಲೇ ಎಷ್ಟ್ ಚೆಂದಾಗಿ ಹಸ್ರು ಬೆಳ್ದದೆ ಕನವ್ವ" ಅಂತ ದಿನಾ ಫೋಟೋ ತೆಗೆಸಿ ಊರಿಗೆ ಕಳಿಸುತ್ತಿದ್ದರು. ಗೆಳತಿ ನೋಡಿ ಗಾಬರಿಯಾದಳು. ಆ ಪಾಚಿ ನೀರು ಹಿಡಿದಿಟ್ಟುಕೊಂಡು ಸೂರನ್ನೇ ತಿಂದುಹಾಕುತ್ತೆ, ಚಳಿಗಾಲಕ್ಕೆ ಮುಂಚೆ ತೆಗೆಸಲೇಬೇಕು ಅಂದಳು.

ಪಾಚಿಗೆ ಇಲ್ಲಿ ಮಾಸ್ ಅಂತಾರೆ. ಮನೆಯ ಎಲ್ಲ ತರಹದ ಕೆಲಸ ಮಾಡಿಕೊಡುವ ಒಂದು ಕಂಪನಿಗೆ ನನ್ನ ಗಂಡ ಕಾಲ್ ಮಾಡಿ, ನಮ್ಮ ಸೂರಿನ ಮೇಲೆ ಮಾಸ್ ಇದೆ ಅಂದರು. ಒಂದೇನಾ, ಜಾಸ್ತಿನಾ ಅಂತ ಆ ಕಡೆಯ ಹೆಂಗಸು ಕೇಳಿದಳಂತೆ. ಇವರಿಗೆ ಪ್ರಶ್ನೆ ವಿಚಿತ್ರ ಅನಿಸಿದರೂ, ಸೂರೇ ಕಾಣದಷ್ಟು ತುಂಬಿಕೊಂಡಿದೆ ಅಂದರು. ಎಷ್ಟು ದಿನದಿಂದ ಅಂತ ಆಕೆ ಕೇಳಿದಳು. ಮನೆ ತಗೊಂಡಾಗಲೇ ಇತ್ತು, ನಮಗೂ ನೋಡೋಕೆ ಚೆನ್ನಾಗೇ ಇತ್ತು, ನಮ್ಮಮ್ಮನಿಗಂತೂ ಬಹಳ ಪ್ರೀತಿ, ಮುಟ್ಟಿದರೆ ಮೆತ್ತಗಿದೆ ಅಂತ ಇವರು ವಿವರವಾಗಿ ಹೇಳಿದರು. ಆಕೆಯ ದನಿ ಬದಲಾಯಿತು. ಯಾರೂ ಮುಟ್ಟಬೇಡಿ, ಮಕ್ಕಳಿದ್ದರೆ ಒಳಗೇ ಇರಿಸಿಕೊಳ್ಳಿ, ಈಗಲೇ ಜನ ಕಳಿಸ್ತೀನಿ ಅಂದಳು. ಎಷ್ಟು ಕಾಳಜಿ ನೋಡು ಅಂತ ನನ್ನ ಗಂಡ ಹೊಗಳಿದರು.

ಬಂದವನು ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ಹಾಕಿ, ಮೂತಿಗೆ ಮಾಸ್ಕ್ ಕಟ್ಟಿಕೊಂಡಿದ್ದ. ವ್ಯಾನಿನಿಂದ ಒಂದರ ಮೇಲೊಂದು ಇಲಿಬೋನುಗಳನ್ನು ಇಳಿಸಿದ. ಆಮೇಲೆ ಸೂರಿನ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಮಾಸ್ಕ್ ಕೆಳಗಿಳಿಸಿ, ಫೋನಿನಲ್ಲಿ ನಮ್ಮ ಮಾಸ್ ಅವರಿಗೆ ಮೌಸ್ ಅಂತ ಕೇಳಿಸಿತ್ತು ಅಂದ.

"ಸರ್, ಇದು ಇಲಿ ಅಲ್ಲ, ಮಾಸ್" ಅಂತ ಬಿಡಿಸಿ ಹೇಳಿದ.

"ನಾನೂ ಅದನ್ನೇ ಹೇಳಿದ್ದು" ಅಂದರು ನನ್ನ ಗಂಡ.

ಕೈ ಬೀಸುವ ಊರು

ಪಾಚಿಯನ್ನು ಬೇರೆಯವರು ಬಂದು ಉಜ್ಜಿ ತೆಗೆದರು. ಉಳಿದದ್ದು ಗಟರ್. ಗಟರ್ ಕ್ಲೀನ್ ಮಾಡೋಕೆ ಏಣಿ ಹತ್ತಬೇಕು ಅಂದಾಗ ಅತ್ತೆ, "ಇದ್ಯಾವ್ ಊರಪ್ಪ, ಚರಂಡೀನ ಸೂರ್ ಮ್ಯಾಲೆ ಮಡೀಕಂಡವ್ರೆ" ಅಂತ ಮುಖ ಸಿಂಡರಿಸಿದರು. ಅದು ಚರಂಡಿ ಅಲ್ಲ, ಸೂರಿನ ಅಂಚಿಗೆ ಮಳೆನೀರು ಹರಿದುಹೋಗೋಕೆ ಕಟ್ಟಿರೋ ದೋಣಿ ಅಂತ ತಿಳಿಸಿ ಹೇಳಬೇಕಾಯಿತು. ಮರದಿಂದ ಉದುರಿದ ಸೂಜಿ ಎಲೆಗಳೆಲ್ಲ ಅದರೊಳಗೆ ಕಟ್ಟಿಕೊಂಡಿದ್ದವು. ಮಾರನೇ ದಿನದಿಂದ ಜೋರು ಮಳೆ ಅಂತ ಮುನ್ಸೂಚನೆ ಬಂತು. ನನ್ನ ಗಂಡ ರಜ ಹಾಕಿ, ಮುಂಬಾಗಿಲ ಪಕ್ಕ ಏಣಿ ಇಟ್ಟು ಸೂರು ಹತ್ತಿದರು. ನಾನು ಒಳಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ. ಅತ್ತೆ ಎದುರು ಮನೆಗೆ ಹರಟೆಗೆ ಹೋಗಿದ್ದರು.

ಇವರು ಕೆಲಸ ಮುಗಿಸಿ ಇಳಿಯೋಣ ಅಂತ ಕಾಲು ಚಾಚಿದಾಗ ಏಣಿ ಜಾರಿ ಹುಲ್ಲಿನ ಮೇಲೆ ಮಲಗಿಬಿಟ್ಟಿತು. ಪುಣ್ಯಕ್ಕೆ ಇವರು ಅದರ ಮೇಲಿರಲಿಲ್ಲ. ಫೋನು ಅಡಿಗೆಮನೆಯಲ್ಲಿತ್ತು. ಜೋರಾಗಿ ಹೆಲ್ಪ್ ಅಂತ ಕೂಗಿದರೆ ಯಾರಾದರೂ ಪೊಲೀಸರನ್ನೋ ಫೈರ್ ಎಂಜಿನ್ನನ್ನೋ ಕರೆದು ಬೀದಿಗೆಲ್ಲ ಸುದ್ದಿಯಾದೀತು ಅನ್ನೋ ಸಂಕೋಚ. ಅದಕ್ಕೆ ದಾರಿಯಲ್ಲಿ ಹೋಗುವವರಿಗೆ ಕೈ ಬೀಸಿ ಕರೆದರು. ಈ ಊರಿನವರು ಬಹಳ ಸಭ್ಯರು. ಓಡುತ್ತಿದ್ದ ಒಬ್ಬಳು ತಿರುಗಿ ಕೈ ಬೀಸಿ ಮುಂದೆ ಓಡಿದಳು. ಸ್ಕೂಲ್ ಬಸ್ಸಿನ ಮಕ್ಕಳೆಲ್ಲ ಒಟ್ಟಿಗೆ ಕೈ ಬೀಸಿದರು. ನಾಯಿ ಹಿಡಿದುಕೊಂಡು ಬಂದ ಮುದುಕರು ನಿಂತು ಕೈ ಬೀಸಿ, ಈ ಕೆಲಸಕ್ಕೆ ಒಳ್ಳೇ ದಿನ ಆರಿಸಿದೀರಿ ಅಂತ ಮೆಚ್ಚಿಕೊಂಡು ಹೋದರು. ನನ್ನ ಗಂಡ ಅವರಿಗೆ ಥ್ಯಾಂಕ್ಸ್ ಹೇಳಿದರಂತೆ.

ಕೊನೆಗೆ ಪಾರ್ಸಲ್ ಕೊಡುವವನು ಬಂದ. ಕಿವಿಯಲ್ಲಿ ಇಯರ್‌ಫೋನ್. ಡಬ್ಬ ಬಾಗಿಲ ಮುಂದಿಟ್ಟು, ಫೋಟೋ ತೆಗೆದು, ಮೇಲಿಂದ ಇವರು ಕರೆದದ್ದು ಕೇಳಿಸದೆ ಹೊರಟುಹೋದ. ಮರುಕ್ಷಣ ನನ್ನ ಫೋನಿಗೆ ಪಾರ್ಸಲ್ ತಲುಪಿದೆ ಅಂತ ಮೆಸೇಜ್, ಜೊತೆಗೆ ಫೋಟೋ. ಡಬ್ಬದ ಪಕ್ಕ ಹುಲ್ಲಿನ ಮೇಲೆ ನಮ್ಮ ಏಣಿ ಉದ್ದಕ್ಕೆ ಬಿದ್ದಿದೆ. ಮೀಟಿಂಗ್ ಅಲ್ಲೇ ಬಿಟ್ಟು, ಹೆಡ್‌ಫೋನ್ ಸಮೇತ ಹೊರಗೆ ಓಡಿದೆ. ನೆಲದ ಮೇಲೆಲ್ಲ ಹುಡುಕಿದೆ. ಇವರು ಮೇಲಿಂದ ಸಮಾಧಾನವಾಗಿ, "ಇಲ್ಲೇ ಇದೀನಿ" ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಏಣಿ ಎತ್ತಿ ಇಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಇವರು ಕೆಳಗಿಳಿದ ಮೇಲೆ ಇಬ್ಬರೂ ಡಬ್ಬ ಬಿಚ್ಚಿದೆವು.

ಒಳಗಿದ್ದದ್ದು ಇವರೇ ತರಿಸಿದ್ದ ವಸ್ತು: ಸೂರು ಹತ್ತುವವರು ಹುಷಾರಾಗಿರಲಿ ಅಂತ ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗ.

ತಿಳಿಸಾರು

ಇಷ್ಟೆಲ್ಲ ಮಾಡಿದರೂ ದೀಪಾವಳಿಯ ದಿನ ಸೂರು ಸೋರಿತು. ಅವತ್ತೇ ಊಟಕ್ಕೆ ಜನ ಕರೆದಿದ್ದೆವು. ಹೊಗೆ ಹೋಗುವ ಕೊಳವೆಯ ಬುಡದಲ್ಲಿ ಎಲ್ಲೋ ಬಿರುಕು ಬಿಟ್ಟು, ಊಟದ ಪಾತ್ರೆಗಳನ್ನು ಜೋಡಿಸಿದ್ದ ಉದ್ದನೆಯ ಕಟ್ಟೆಯ ತುದಿಗೆ ಸರಿಯಾಗಿ ತೊಟ್ಟಿಕ್ಕತೊಡಗಿತು. ಕಟ್ಟೆ ಗೋಡೆಗೆ ಸೇರಿದ್ದು, ಸರಿಸುವ ಹಾಗಿಲ್ಲ. ಕೈಗೆ ಸಿಕ್ಕ ಒಂದು ಸ್ಟೀಲ್ ಕೊಳಗವನ್ನು ಅಲ್ಲಿಟ್ಟೆ. ಎಲೆಕಸದ ಮಧ್ಯೆ ಇಳಿದು ಬಂದ ನೀರು, ಬಣ್ಣ ತಿಳಿ ಕಂದು.

ಎಲ್ಲರೂ ಒಟ್ಟಿಗೆ ಬಂದರು. ಚಪ್ಪಲಿ, ಕೊಡೆ, ಮಳೆಕೋಟುಗಳ ಗದ್ದಲ. ಮೈಸೂರಿನ ಗೆಳತಿ ಸಹಾಯಕ್ಕೆ ಅಂತ ನೇರ ಅಡಿಗೆಮನೆಗೆ ಬಂದು, ಸೌಟಿಲ್ಲದ ಪಾತ್ರೆಗಳಿಗೆಲ್ಲ ಒಂದೊಂದು ಸೌಟು ಹಾಕುತ್ತಾ ಹೋದಳು. ಕೊನೆಯ ಕೊಳಗಕ್ಕೂ ಹಾಕಿದಳು.

ನಮ್ಮ ಕನ್ನಡ ಬಳಗದಲ್ಲಿ ಒಬ್ಬರು ಹಿರಿಯರಿದ್ದಾರೆ. ಯಾರ ಮನೆಗೆ ಹೋದರೂ ಅಡಿಗೆ ಹೊಗಳದೆ ಬರುವವರಲ್ಲ. ನಾನು ಹೋಳಿಗೆ ಬಡಿಸುತ್ತಾ ತಿರುಗಿ ನೋಡುವ ಹೊತ್ತಿಗೆ ಅವರು ಆ ಕೊಳಗದಿಂದ ಎರಡು ಸೌಟು ಅನ್ನಕ್ಕೆ ಹಾಕಿ, ತುಪ್ಪ ಬಿಟ್ಟು, ಕಲಸಿ, ಒಂದು ತುತ್ತು ಬಾಯಿಗಿಟ್ಟಾಗಿತ್ತು. ಅವರು ಅತ್ತೆಯ ಕಡೆ ತಿರುಗಿ, "ತಿಳಿಸಾರು ಅಂದ್ರೆ ಇದು, ಅಮ್ಮ. ಉಪ್ಪು ಒಂದು ಸ್ವಲ್ಪ ಕಮ್ಮಿ" ಅಂದರು.

ನಾನು ಓಡಿಹೋಗಿ ಅವರ ತಟ್ಟೆ ಕಿತ್ತುಕೊಂಡೆ. ನಿಜ ಹೇಳದೆ ಬೇರೆ ದಾರಿ ಇರಲಿಲ್ಲ. ಎಲ್ಲರೂ ತಲೆಯೆತ್ತಿ ಸೂರು ನೋಡಿದರು. ಆಗ ಎಲ್ಲರ ಕಣ್ಣೆದುರಿಗೇ ಇನ್ನೊಂದು ಹನಿ ಕೊಳಗಕ್ಕೆ ಬಿತ್ತು. ಅಲ್ಲೇ ಇದ್ದ ಒಬ್ಬ ಡಾಕ್ಟರು, ಒಂದು ತುತ್ತಿಗೆ ಏನೂ ಆಗಲ್ಲ ಅಂತ ಧೈರ್ಯ ಹೇಳಿದರು. ಏನೂ ಆಗಲೂ ಇಲ್ಲ. ಆದರೆ ಅತ್ತೆಗೆ ಅವಮಾನವಾಗಿತ್ತು. ತಾವೇ ಹೊಸ ತಟ್ಟೆ ತಂದು, ಅನ್ನ ಹಾಕಿ, ತಾವು ಮಾಡಿದ್ದ ನಿಜವಾದ ಮಂಡ್ಯದ ಸಾರು ಬಡಿಸಿ ಎದುರಿಗೇ ನಿಂತರು. ಹಿರಿಯರು ತಿಂದರು. ಬೆವರಿದರು. ಮೂಗೊರೆಸಿಕೊಂಡು ಮೆಲ್ಲಗೆ ಹೇಳಿದರು:

"ತಪ್ಪು ತಿಳ್ಕೋಬೇಡಿ ಅಮ್ಮ. ಹೊಟ್ಟೆಗೆ ಮೊದಲಿನದೇ ಹಿತವಾಗಿತ್ತು."

ಕಸರತ್ತು

ಸೂರಿನ ಮೇಸ್ತ್ರಿ, ಮಳೆ ಬಿಡುವು ಕೊಟ್ಟ ದಿನ ಬರ್ತೀನಿ, ಅಲ್ಲಿವರೆಗೆ ಟಾರ್ಪಾಲು ಹೊದಿಸಿ ಅಂದ. ಟಾರ್ಪಾಲೇನೋ ಸಿಕ್ಕಿತು. ಆದರೆ ಬಿರುಗಾಳಿ ಬರುತ್ತೆ ಅಂತ ಗೊತ್ತಾಗಿ ಮರಳಿನ ಚೀಲಗಳೆಲ್ಲ ಅಂಗಡಿಯಲ್ಲಿ ಖಾಲಿಯಾಗಿದ್ದವು. ಹುಲ್ಲಿನ ಮೆದೆಗೆ ಹೊದಿಸಿದ ಟಾರ್ಪಾಲಿಗೆ ಹಗ್ಗದಲ್ಲಿ ಕಲ್ಲು ಕಟ್ಟಿ ಎರಡೂ ಕಡೆ ಇಳಿಬಿಡಲ್ವಾ, ಹಾಗೇ ಮಾಡಿ ಅಂತ ಅತ್ತೆ ಉಪಾಯ ಹೇಳಿದರು. ಉಪಾಯ ಸರಿಯಾಗೇ ಇತ್ತು, ಕಲ್ಲು ಎಲ್ಲಿಂದ ತರೋದು? ನನ್ನ ಗಂಡ ಹೊಸ ವರ್ಷದ ಸಂಕಲ್ಪಕ್ಕೆ ಅಂತ ತಂದು ಗರಾಜಿನಲ್ಲಿಟ್ಟಿದ್ದ ಡಂಬೆಲ್‌ಗಳು ನೆನಪಾದವು. ಈ ಸಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಹತ್ತಿ, ಸೂರಿನ ಎರಡೂ ಬದಿಗೆ ಡಂಬೆಲ್‌ಗಳನ್ನು ತೋರಣದ ಹಾಗೆ ಇಳಿಬಿಟ್ಟರು.

ಅವತ್ತಿನ ಗಾಳಿಗೆ ಬೀದಿಯಲ್ಲಿ ಎರಡು ಮರ ಉರುಳಿದವು, ಕರೆಂಟು ಹೋಯಿತು. ನಮ್ಮ ಟಾರ್ಪಾಲು ಮಾತ್ರ ಅಲ್ಲಾಡಲಿಲ್ಲ. ಬೆಳಿಗ್ಗೆ ಗೆಳತಿ ಬಂದು ಸೂರು ನೋಡಿ ನಿಂತಳು. ಆಮೇಲೆ ನನ್ನ ಗಂಡನಿಗೆ, "ಅಂತೂ ಅವನ್ನ ಎತ್ತಿದ್ರಲ್ಲ, ಅದೂ ಇಷ್ಟು ಮೇಲಕ್ಕೆ" ಅಂದಳು.

ಒಳಮಳೆ

ಮೇಸ್ತ್ರಿ ಮಾತಿಗೆ ತಪ್ಪಲಿಲ್ಲ. ಬಿರುಕು ಮುಚ್ಚಿ, ಹಳೇ ಹಲಗೆ ಬದಲಾಯಿಸಿ, ಅಟ್ಟದೊಳಗೆ ಚಳಿ ತಡೆಯೋಕೆ ಹತ್ತಿಯಂಥ ದಪ್ಪ ಪದರ ಹಾಸಿಕೊಟ್ಟ. ಇನ್ನು ಒಂದು ಹನಿ ಒಳಗೆ ಬಂದರೂ ನನ್ನನ್ನು ಕರೀರಿ, ಓಡಿ ಬರ್ತೀನಿ ಅಂತ ಮಾತು ಕೊಟ್ಟ. ಆಮೇಲೆ ಸುರಿದ ಮಳೆಗೆಲ್ಲ ಮನೆ ಒಣಗಿಕೊಂಡು, ಬೆಚ್ಚಗೆ ಇತ್ತು. ಎಷ್ಟೋ ದಿನದ ಮೇಲೆ ನಾನು ಮೇಲೆ ನೋಡದೆ ಊಟ ಮಾಡಿದೆ.

ಡಿಸೆಂಬರಿನ ಒಂದು ಮಧ್ಯಾಹ್ನ. ಹೊರಗೆ ಒಳ್ಳೇ ಬಿಸಿಲು, ನೆಲದಲ್ಲಿ ಇಬ್ಬನಿ ಹೆಪ್ಪುಗಟ್ಟಿತ್ತು. ಅತ್ತೆ ತಮ್ಮ ರೂಮಿನಲ್ಲಿ ಮಲಗಿದ್ದರು, ಮಗಳು ಲೈಬ್ರರಿಗೆ ಹೋಗಿದ್ದಳು. ಹಾಲಿನಲ್ಲಿ ಕೆಲಸ ಮಾಡುತ್ತಾ ಕೂತ ನನಗೆ ಗೋಡೆಯ ಒಳಗಿಂದ ಟಪ್ ಟಪ್ ಅಂತ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದು ಧೋ ಅನ್ನತೊಡಗಿತು. ಚಳಿಗೆ ಪೈಪು ಒಡೆದಿರಬೇಕು ಅಂತ ನನ್ನ ಗಂಡ ಸ್ಪ್ಯಾನರ್ ಹಿಡಿದು ಓಡಿಹೋಗಿ ಇಡೀ ಮನೆಯ ನೀರು ನಿಲ್ಲಿಸಿದರು. ಸದ್ದು ನಿಲ್ಲಲಿಲ್ಲ. ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲಾಯಿತಲ್ಲ ಅಂತ ನಾನು ಬಕೆಟ್ ಹಿಡಿದು ನಿಂತೆ, ಎಲ್ಲಿಡಬೇಕು ಅಂತ ಮಾತ್ರ ಗೊತ್ತಾಗಲಿಲ್ಲ.

ಮೇಸ್ತ್ರಿಗೆ ಕಾಲ್ ಮಾಡಿದೆವು. ಪಕ್ಕದ ಬೀದಿಯಲ್ಲೇ ಕೆಲಸದಲ್ಲಿದ್ದವನು ಕೊಟ್ಟ ಮಾತಿನಂತೆ ಓಡಿ ಬಂದ. ಸೂರು ಹತ್ತಿ ನೋಡಿದ, ಒಣಗಿತ್ತು. ಟಾರ್ಚ್ ಹಿಡಿದು ಅಟ್ಟದೊಳಗೆ ತೆವಳಿದ, ಅದೂ ಒಣಗಿತ್ತು. ಇಳಿದು ಬಂದು ಗೋಡೆಗೆ ಕಿವಿಯಿಟ್ಟ. ಒಳಗೆ ಮಳೆ ಸುರಿಯುತ್ತಲೇ ಇತ್ತು. ಅವನ ಮುಖ ಸಣ್ಣದಾಯಿತು. ನಾವಿಬ್ಬರೂ ಅವನ ಪಕ್ಕದಲ್ಲೇ ಗೋಡೆಗೆ ಕಿವಿಯಿಟ್ಟು ನಿಂತೆವು.

ಆಗ ಗೋಡೆ ಗುಡುಗಿತು.

ಮೇಸ್ತ್ರಿ ಹಿಂದಕ್ಕೆ ಸರಿದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸೋರುವ ಸೂರು ಬೇಕಾದಷ್ಟು ನೋಡಿದೀನಿ. ಗುಡುಗುವ ಸೂರು ಇದೇ ಮೊದಲು" ಅಂದ.

ಗೋಡೆಯ ಆಚೆ ಇದ್ದದ್ದು ಅತ್ತೆಯ ರೂಮು. ಮಲಗಿದವರನ್ನು ಎಬ್ಬಿಸಬಾರದು ಅಂತ ಅಲ್ಲಿಗೆ ಮಾತ್ರ ಯಾರೂ ಹೋಗಿರಲಿಲ್ಲ. ಮೆಲ್ಲಗೆ ಬಾಗಿಲು ತೆಗೆದೆ. ಅತ್ತೆ ಕಂಬಳಿ ಹೊದ್ದು ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದರು. ತಲೆದಿಂಬಿನ ಪಕ್ಕ ಮಗಳ ಸ್ಪೀಕರು. ಅದರೊಳಗೆ ಧಾರಾಕಾರ ಮಳೆ, ನಡುನಡುವೆ ಗುಡುಗು.

ನಮ್ಮ ಸದ್ದಿಗೆ ಅತ್ತೆ ಕಣ್ಣು ಬಿಟ್ಟರು. ಬಕೆಟ್ ಹಿಡಿದ ನಾನು, ಸ್ಪ್ಯಾನರ್ ಹಿಡಿದ ಅವರ ಮಗ, ಟೋಪಿ ಹಿಡಿದ ಮೇಸ್ತ್ರಿ ಬಾಗಿಲಲ್ಲಿ ಸಾಲಾಗಿ ನಿಂತಿದ್ದೆವು. ಅವರಿಗೆ ಒಂದು ಚೂರೂ ಗಾಬರಿಯಾಗಲಿಲ್ಲ. ಬಂದಾಗಿನಿಂದ ಸೂರಿನ ಮೇಲೆ ಮಳೆ ಬೀಳೋ ಸದ್ದಿಗೇ ನಿದ್ದೆ ಹತ್ತುತ್ತಿತ್ತಂತೆ. ಅಟ್ಟಕ್ಕೆ ಹತ್ತಿ ತುಂಬಿದ ಮೇಲೆ ಒಂದು ಹನಿಯೂ ಕೇಳಿಸದೆ ನಿದ್ದೆಯೇ ಇಲ್ಲ. ಮೊಮ್ಮಗಳ ಹತ್ತಿರ ಹೇಳಿಕೊಂಡಾಗ ಅವಳು, "ಡೋಂಟ್ ವರಿ, ಅಜ್ಜಿ" ಅಂತ ಈ ಮಳೆ ಹಾಕಿಕೊಟ್ಟು ಹೋಗಿದ್ದಳು.

ಮೇಸ್ತ್ರಿಗೆ ನನ್ನ ಗಂಡ ಎಲ್ಲ ಬಿಡಿಸಿ ಹೇಳಿದರು. ಅವನು ಗೋಡೆಗೊರಗಿ ನಕ್ಕ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನನಗೂ ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿ, ಬಕೆಟ್ ಬೋರಲು ಹಾಕಿ ಅದರ ಮೇಲೇ ಕೂತುಬಿಟ್ಟೆ. ನನ್ನ ಗಂಡ ಸ್ಪೀಕರ್ ಆಫ್ ಮಾಡೋಕೆ ಕೈ ಚಾಚಿದರು.

ಅತ್ತೆ ಆ ಕೈಯನ್ನು ಪಕ್ಕಕ್ಕೆ ತಳ್ಳಿ, ಕಂಬಳಿ ಎಳೆದುಕೊಂಡು ಆ ಕಡೆ ತಿರುಗಿದರು.

"ಮನೇಲಿ ಇದ್ದದ್ನೆಲ್ಲ ರಿಪೇರಿ ಮಾಡ್ಬುಟ್ರಿ. ಇದೊಂದಾರ ಸೋರ್ಲಿ ಬುಡ್ರಪ್ಪ."