ಟೀ ಅಂಗಡಿಯ ಹದಿನೇಳು ಕೈಪಂಪು

ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವರ ಪೈಕಿ ನಾನು. ಮೊಬೈಲಿನ ಗುಂಡಿಯನ್ನೂ ಒಂದೇ ಸಲ ಒತ್ತಿದರೆ ನನಗೆ ಸಮಾಧಾನವಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಕೈಪಂಪುಗಳನ್ನು ನಕ್ಷೆಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಈ ಗುಣ ಬಯಲಾಯಿತು. ಪಂಪಿನ ಪಕ್ಕ ನಿಂತು 'ಸೇವ್' ಒತ್ತಿದರೆ ಆ ಜಾಗ ನಕ್ಷೆಯಲ್ಲಿ ಒಂದು ಚುಕ್ಕೆಯಾಗುತ್ತದೆ. ನಾನು ಒತ್ತಿದ ರಭಸಕ್ಕೆ ಒಂದೊಂದು ಪಂಪೂ ನಾಲ್ಕೈದು ಮರಿ ಹಾಕಿತ್ತು. ರಿಪೇರಿ ಪಟ್ಟಿ ಈ ನಕ್ಷೆಯಿಂದಲೇ ತಯಾರಾಗಬೇಕಿತ್ತು.

ಚುಕ್ಕೆಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತಿದ್ದ ನನ್ನನ್ನು ಕಂಡು ಕನಿಕರಪಟ್ಟವಳು ಪಕ್ಕದ ಮೇಜಿನ ಶಶಿಕಲಾ, ರಾವಂದೂರಿನವಳು. "ಬುಡಿ ಸಾ, ನಾನ್ ಮಾಡ್ಕೊಡ್ತೀನಿ" ಎಂದು ಎಂಟು ಸಾಲಿನ ಕೋಡ್ ಬರೆದಳು. ಹತ್ತು ಮೀಟರಿನೊಳಗೆ ಎಷ್ಟೇ ಚುಕ್ಕೆ ಇರಲಿ, ಒಂದನ್ನು ಉಳಿಸಿ ಮಿಕ್ಕದ್ದನ್ನು ಬೇರೆ ಪಟ್ಟಿಗೆ ತಳ್ಳು ಎಂಬುದು ಅದರ ಸಾರಾಂಶ. ಮೂರು ದಿನದಿಂದ ನನ್ನ ಕೈಲಿ ಮುಗಿಯದ ಕೆಲಸವನ್ನು, ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅದು ಮುಗಿಸಿತ್ತು. ನಿಜಕ್ಕೂ ಕೈಮುಗಿಯಬೇಕೆನಿಸಿತು. ನನ್ನ ಹೆಂಡತಿ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟರೆ ಅಷ್ಟು ಚೊಕ್ಕಟವಾದ ಕೆಲಸವನ್ನು ನಾನು ಕಂಡಿಲ್ಲ.

ಶಶಿಕಲಾಳ ದೊಡ್ಡತನವೆಂದರೆ, ಅವಳು ತೆಗೆದುಹಾಕಿದ ಚುಕ್ಕೆಗಳ ಪಟ್ಟಿಯನ್ನೂ ಓದುತ್ತಾಳೆ. "ಸಾ, ಅಂತರಸಂತೇಲಿ ಒಂದೇ ಜಾಗ್ದಲ್ಲಿ ಹದಿನೇಳ್ ಪಂಪ್ ಅವೆ. ಎಸ್ರು ಮಾತ್ರ ಬ್ಯಾರೆ ಬ್ಯಾರೆ. ಬೇಗೂರಿಂದೂ ಇಲ್ಲೇ ಬಂದದೆ" ಎಂದಳು.

ಅದು ನನ್ನದೇ ಕೆಲಸ. ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದೆ, ಪಂಪುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದು, ಅಂತರಸಂತೆಯ ಟೀ ಅಂಗಡಿಯ ಬೆಂಚಿನಲ್ಲಿ ವಡೆ ತಿನ್ನುತ್ತಾ ಒಂದೊಂದಾಗಿ ಏರಿಸಿದ್ದೆ. ಮೊಬೈಲು ಪಾಪ, ನಾನು ಕೂತ ಜಾಗವನ್ನೇ ಬರೆದುಕೊಂಡಿತ್ತು. ಈಗ ಹದಿನೇಳರಲ್ಲಿ ಹದಿನಾರು ಪಂಪುಗಳು ರಿಪೇರಿ ಪಟ್ಟಿಯಿಂದ ಹಾರಿಹೋಗಿದ್ದವು. ಎನ್. ಬೇಗೂರಿನ ಪುಟ್ಟಮ್ಮನ ಮನೆ ಮುಂದಿನದೂ ಹೋಗಿತ್ತು. ಅಲ್ಲಿ ಒಂದು ಕೊಡ ತುಂಬಲು ಭುಜ ಬಿದ್ದುಹೋಗುವಷ್ಟು ಹೊಡೆಯಬೇಕು. "ನಮ್ದ ಮರೀಬ್ಯಾಡಿ ಸಾ" ಎಂದು ಆಕೆ ಎರಡು ಸಲ ಹೇಳಿದ್ದಳು. ನಾಚಿಕೆಯಿಂದ ನಾನು ಎಲ್ಲವನ್ನೂ ಶಶಿಕಲಾಳಿಗೆ ಒಪ್ಪಿಸಿದೆ. ಅವಳು ನಗಲಿಲ್ಲ. "ಜಾಗ ಬರ್ಕೊಳಕೆ ನೆಟ್‌ವರ್ಕ್ ಬ್ಯಾಡ ಸಾ, ಕಳ್ಸಕೆ ಮಾತ್ರ ಬೇಕು. ಪಂಪ್ ತಾವ್ಲೇ ಒತ್ತಿ" ಎಂದಳು.

ಮಾರನೆಯ ದಿನ ಬೈಕ್ ಏರಿ ಆ ಊರುಗಳನ್ನು ಮತ್ತೆ ಸುತ್ತಿದೆ. "ಓದ್ಸಲಾನೂ ಬಂದಿದ್ರಲ್ಲ, ಮತ್ಯಾಕ್ ಬಂದ್ರಿ?" ಎಂದು ಪುಟ್ಟಮ್ಮ ಕೇಳಿದಳು. "ಹೋದ ಸಲ ಪೂರ್ತಿ ಬಂದಿರಲಿಲ್ಲ ಕಣಮ್ಮ" ಎಂದೆ. ಭಯಕ್ಕೆ ಗುಂಡಿಯನ್ನು ಐದು ಸಲ ಒತ್ತಿದೆ. ಕೋಡ್ ನಾಲ್ಕನ್ನು ತೆಗೆದು, ಅವಳ ಪಂಪನ್ನು ಉಳಿಸಿಕೊಂಡಿತು.

ಹೊಸ ನಕ್ಷೆಯಲ್ಲಿ ಹದಿನೇಳೂ ಪಂಪುಗಳು ತಂತಮ್ಮ ಊರು ಸೇರಿದ್ದವು. ಶಶಿಕಲಾ ಮಾತ್ರ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. "ಟೀ ಅಂಗ್ಡಿ ತಾವ ಹಳೇದೊಂದ್ ಚುಕ್ಕೆ ಉಳ್ಕಂಡದೆ. ಅಲ್ ಯಾವ್ ಪಂಪ್ ಅದೆ ಸಾ?"

"ಅಲ್ಲಿ ಪಂಪಿಲ್ಲಮ್ಮ, ನಾನಿದ್ದೆ. ಅಳಿಸಿಬಿಡು" ಎಂದೆ.