ಅಣ್ಣ ಕೊಟ್ಟ ಮಾದರಿ

ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆಯೊಂದೇ ಅವನಿಗೆ ಅಪ್ಪನಿಂದ ಬಂದ ಆಸ್ತಿ. ಅದು ಬೇಗ ಹೆಚ್ಚದಿರಲೆಂದು ವೈದ್ಯರು ಒಂದು ಗುಳಿಗೆ ಬರೆದುಕೊಟ್ಟಿದ್ದರು. ರಕ್ತದಲ್ಲಿ ಸೋಡಿಯಂ ಕಡಿಮೆಯಾದವರಿಗೂ ಅದನ್ನೇ ಕೊಡುತ್ತಾರಂತೆ. ನುಂಗಿದರೆ ಮೈಯಲ್ಲಿನ ನೀರು ಹೊರಗೆ ಓಡತೊಡಗುತ್ತದೆ. ಅಷ್ಟನ್ನೂ ಕುಡಿದು ತುಂಬುತ್ತಲೇ ಇರಬೇಕು. "ಬಾಯಾರಿಕೆ ತಡ್ಕೋಬೇಡಿ, ಜೀವಕ್ಕೇ ಕುತ್ತು," ಎಂದು ಹೆಂಡತಿ ದಿನವೂ ದೊಡ್ಡ ಬಾಟಲಿಗಳನ್ನು ಕೊಟ್ಟು ಕಳಿಸುತ್ತಿದ್ದಳು.

ಅವನು ಬಸ್ ಚಾಲಕ, ಡಿಪೋದಲ್ಲಿ ಎಲ್ಲರಿಗೂ 'ಅಣ್ಣ'. ಕಾಯಿಲೆಯ ಸುದ್ದಿ ತಿಳಿದರೆ ಮ್ಯಾನೇಜರು ಸ್ಟಿಯರಿಂಗ್ ಬಿಡಿಸಿ ಗೇಟು ಕಾಯಲು ಕೂರಿಸುತ್ತಾರೆಂಬ ಭಯಕ್ಕೆ ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಆ ದಿನ ಡಿಪೋಗೆ ಬಂದರೆ ಬಾಗಿಲಲ್ಲೇ ಒಂದು ಮೇಜು, ಅದರ ಹಿಂದೆ ಡಾಕ್ಟರಮ್ಮ. ಚಾಲಕರು ನಶೆ ಮಾಡುತ್ತಾರೇನೋ ಎಂದು ಮೂತ್ರ ಪರೀಕ್ಷೆಯಂತೆ. ನಶೆ ಅಣ್ಣನ ಹತ್ತಿರ ಸುಳಿದಿರಲಿಲ್ಲ, ಆದರೆ ಗುಳಿಗೆ ಬಯಲಾದರೆ?

ಶೌಚಾಲಯದಲ್ಲಿ ಮೀಸೆ ಅಡ್ಡಗಟ್ಟಿದ. ಮೀಸೆಯಿಂದಲೇ ಹೆಸರಾದ ಆ ಚಾಲಕನ ಮುಖ ಇಂದು ಬಿಳಿಚಿತ್ತು.

"ಅಣ್ಣ, ಮೊನ್ನೆ ಪಾರ್ಟೀಲಿ ಏನೋ ಸೇದ್ಬಿಟ್ಟೆ. ನಿಂದು ಸ್ವಲ್ಪ ಕೊಡು. ನಿಂಗೆ ಹೇಗೂ ಬರ್ತಾನೇ ಇರುತ್ತಲ್ಲ."

"ಇದೆಲ್ಲ ಬೇಡ್ವೋ."

"ಕೆಲಸ ಹೋಗುತ್ತೆ. ನಾನು ನಿನ್ನ ತಮ್ಮ ಅಂದ್ಕೋ."

ತಮ್ಮ ಎಂದಮೇಲೆ ಅಣ್ಣ ಕರಗಿದ. ಖಾಲಿಯಾಗಿದ್ದ ಒಂದು ಬಾಟಲಿಯನ್ನು ತುಂಬಿಸಿಯೇ ಕೊಟ್ಟ. ಅವನಿಗದು ಲೀಲಾಜಾಲ. ತನ್ನ ಮೂತ್ರದ ಲೋಟವನ್ನೂ ಒಯ್ದು ಮೇಜಿನ ಮೇಲಿಟ್ಟ.

ಡಾಕ್ಟರಮ್ಮ ಪರೀಕ್ಷಿಸಿ ಹುಬ್ಬೇರಿಸಿದರು. "ಇದು ಬರೀ ನೀರು. ನಲ್ಲಿಯಿಂದ ಹಿಡ್ಕೊಂಡು ಬಂದ್ರಾ?"

"ಇಲ್ಲ ಮೇಡಂ, ನಂದೇ."

ಮ್ಯಾನೇಜರು ಖುದ್ದಾಗಿ ಜತೆಗೆ ಹೋಗಿ ನಿಂತರು. ಎರಡನೆಯದೂ ನೀರು, ಮೂರನೆಯದೂ ನೀರು. ನಡುನಡುವೆ ಅಣ್ಣ ಗಟಗಟ ಕುಡಿಯುವುದನ್ನು ಕಂಡು ಅವರ ಅನುಮಾನ ಬಲಿಯಿತು.

"ನಶೆ ಸಿಗದ ಹಾಗೆ ಮೂತ್ರ ತೆಳ್ಳಗಾಗಲಿ ಅಂತ ಬೇಕಂತ್ಲೇ ಕುಡೀತಿದಾನೆ. ಬಾಟಲಿ ಕಿತ್ಕೊಳ್ಳಿ."

ಬಾಟಲಿ ಹೋಯಿತು. ನಾಲಿಗೆ ಅಂಗುಳಕ್ಕೆ ಅಂಟಿತು, ತಲೆ ತಿರುಗತೊಡಗಿತು. ಅಣ್ಣನಿಗೆ ನಿಜಕ್ಕೂ ಹೆದರಿಕೆಯಾಯಿತು. ತಲೆ ಉಳಿದರೆ ತಾನೇ ಟೋಪಿ ಎಂದುಕೊಂಡು ಜೇಬಿನಿಂದ ಗುಳಿಗೆ ತೆಗೆದು ಮೇಜಿನ ಮೇಲಿಟ್ಟ. ಅಪ್ಪನ ಕಾಯಿಲೆ ತನಗೆ ಬಂದ ಕತೆಯನ್ನೆಲ್ಲ ಹೇಳಿದ.

ಡಾಕ್ಟರಮ್ಮ ಗುಳಿಗೆ ನೋಡಿ ತಾವೇ ಬಾಟಲಿ ವಾಪಸು ಕೊಟ್ಟರು. "ಮೊದಲೇ ಹೇಳ್ಬಾರ್ದಾ? ಇದನ್ನ ತಗೊಂಡೋರ್ದು ಹೀಗೇ ನೀರಾಗಿರುತ್ತೆ. ಇವರದ್ದೇನೂ ತಪ್ಪಿಲ್ಲ. ಬಸ್ಸೂ ಓಡಿಸ್ಬಹುದು."

ಮ್ಯಾನೇಜರೂ ಮೆತ್ತಗಾಗಿ ಬಸ್ಸಿನ ಕೀಲಿ ಕೊಟ್ಟರು. "ಹೋಗಪ್ಪ. ನೀರು ಕುಡ್ಕೊಂಡೇ ಓಡ್ಸು."

ಅಣ್ಣನಿಗೆ ಹೋದ ಜೀವ ಬಂದಂತಾಯಿತು. ಇಷ್ಟು ಸುಲಭವೆಂದು ಗೊತ್ತಿದ್ದರೆ ಎಂದೋ ಹೇಳಿಬಿಡುತ್ತಿದ್ದೆನಲ್ಲ ಎಂದು ನಗುತ್ತ ಹೊರಟ.

"ಒಂದ್ನಿಮಿಷ," ಎಂದರು ಡಾಕ್ಟರಮ್ಮ. ಅವರ ಮುಂದೆ ಇನ್ನೂ ನಾಲ್ಕು ಲೋಟಗಳಿದ್ದವು. "ಈ ನಾಲ್ಕು ಡ್ರೈವರ್‌ಗಳದ್ದೂ ಹೀಗೇ ನೀರು. ಇವರೂ ಇದೇ ಗುಳಿಗೆ ತಗೊಳ್ತಾರಾ?"

ಮೀಸೆ ಉದಾರಿ. ಅಣ್ಣನ ಬಾಟಲಿಯನ್ನು ತನ್ನಂತೆಯೇ ಹೆದರಿದ್ದ ಮೂವರಿಗೆ ಹಂಚಿದ್ದ. ಈಗಲೂ ಅವನೇ ಮುಂದೆ ಬಂದ.

"ಹೌದು ಡಾಕ್ಟ್ರೇ. ವಂಶದ ಕಾಯಿಲೆ ಅಲ್ವಾ? ನಾವು ನಾಲ್ಕೂ ಜನ ಇವನ ತಮ್ಮಂದಿರು."

ಮ್ಯಾನೇಜರು ನಾಲ್ಕೂ ಮುಖಗಳನ್ನು ನೋಡಿ ಅಣ್ಣನತ್ತ ತಿರುಗಿದರು. "ನಿಮ್ಮಪ್ಪನಿಗೆ ಎಷ್ಟು ಜನ ಮಕ್ಕಳಯ್ಯ?"

ಆಗಷ್ಟೇ ನಿಜ ಹೇಳಿ ಗೆದ್ದಿದ್ದ ಅಣ್ಣನಿಗೆ ಅದೇ ಹುರುಪಿತ್ತು.

"ನಾನೊಬ್ನೇ ಸಾರ್," ಎಂದುಬಿಟ್ಟ.

ಮ್ಯಾನೇಜರು ಕೀಲಿಗಾಗಿ ಕೈ ಚಾಚಿದರು.